ನಾಲ್ಕು ಚಕ್ರದ ಬಲ, ನಾಲೆ ಪಕ್ಕದ ತಿರುವು



ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಉಪ್ಪಿನಕಾಯಿಯ ಬೂಷ್ಟು, ಮಗುವಿನ ನೆಗಡಿ, ಅತ್ತೆಯವರ ಮಂಡಿನೋವು ಇಂಥವುಗಳ ಸುತ್ತಲೇ ಇರುತ್ತವೆ. ಈ ಸಲ ಬಂದ ಒಂದು ಪತ್ರ ಮಾತ್ರ ಬೇರೆ ಥರದ್ದು. ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ. ಮನೆಗೆ ಹೊಸ ಕಾರು ಬಂದಿದೆಯಂತೆ. 'ಆಲ್ ವೀಲ್ ಡ್ರೈವ್', ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ. ಅವರ ಮಾತಿನಲ್ಲೇ ಕೇಳಿ:

"ಮಾರಾಟದ ಹುಡುಗ ಎಂಥ ತಿರುವಿನಲ್ಲೂ ಇದು ಜಾರಲ್ಲ ಅಂದ. ಅವತ್ತಿನಿಂದ ನಮ್ಮನೆಯವರು ನಾಲೆ ಏರಿಯ ಮೇಲೆ ಮೊದಲಿಗಿಂತ ಜೋರು. ನಿಧಾನ ಅಂದ್ರೆ, 'ನಾಕು ಚಕ್ರದ ಗಾಡಿ ಕಣೆ, ನಿಂಗೇನು ಗೊತ್ತು' ಅಂತಾರೆ. ನಾನೂ ಈಗ ಲೈಸೆನ್ಸ್ ತಗೊಂಡಿದ್ದೀನಿ. ಮಕ್ಕಳನ್ನ ಕೂರಿಸಿಕೊಂಡು ಅದೇ ದಾರೀಲಿ ಹೋಗಬೇಕು. ನನ್ನ ಭಯ ಬರೀ ಹೆಂಗಸಿನ ಭಯವೋ, ನ್ಯಾಯದ ಭಯವೋ, ನೀವೇ ಹೇಳಿ."

ನ್ಯಾಯದ ಭಯವೇ ತಾಯಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಭಯಕ್ಕೆ ಕಾರಣ ತಿಳಿದಿದ್ದರೆ ಅದು ಬುದ್ಧಿಯಾಗುತ್ತದೆ, ತಿಳಿಯದಿದ್ದರೆ ಬರೀ ಗಾಬರಿಯಾಗಿ ಉಳಿಯುತ್ತದೆ. ಆದ್ದರಿಂದ ಇವತ್ತು ಒಲೆಯ ಕೆಲಸ ಸ್ವಲ್ಪ ಹೊತ್ತು ಬದಿಗಿಟ್ಟು, ಗಾಡಿಯ ವಿಚಾರ ಮಾತಾಡೋಣ. ಸ್ಟೀರಿಂಗ್ ಹಿಡಿಯುವವರಿಗೂ ಸರಿ, ಪಕ್ಕದಲ್ಲಿ ಮಗುವನ್ನು ಹಿಡಿದು ಕೂರುವವರಿಗೂ ಸರಿ, ಇದು ಬೇಕಾದ ವಿಷಯವೇ.

ನಮ್ಮ ಸೀಮೆಯ ದಾರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಂದರೆ ನೀರಿನ ಸೀಮೆ. ಒಂದು ಕಡೆ ವಿಶ್ವೇಶ್ವರಯ್ಯ ನಾಲೆ, ಇನ್ನೊಂದು ಕಡೆ ಹೇಮಾವತಿ ನಾಲೆ. ನೀರು ಹರಿದ ಕಡೆಯೆಲ್ಲ ಪಕ್ಕದಲ್ಲೊಂದು ದಾರಿ. ನಾಲೆ ಹೇಗೆ ಬಳುಕುತ್ತದೋ ದಾರಿಯೂ ಹಾಗೇ ಬಳುಕುತ್ತದೆ. ಎಷ್ಟೋ ಕಡೆ ದಾರಿಗೂ ನೀರಿಗೂ ನಡುವೆ ಒಂದು ಗೇಣು ಹುಲ್ಲಿನ ಅಂಚು, ಅಷ್ಟೇ.

2018ರ ನವೆಂಬರ್ 24 ಅನ್ನು ಮಂಡ್ಯ ಜಿಲ್ಲೆಯವರು ಮರೆಯುವಂತಿಲ್ಲ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಶ್ ಅವರೂ ಹೋದರು. ಒಂದೇ ದಿನ ಜಿಲ್ಲೆಗೆ ಎರಡು ಸಾವಿನ ಸುದ್ದಿ. 2023ರ ನವೆಂಬರಿನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಸತ್ತರು. ಯಾರ ತಪ್ಪು, ಏನು ಕಾರಣ ಎಂದು ನಾವು ಇಲ್ಲಿ ಕೂತು ತೀರ್ಮಾನ ಹೇಳುವುದು ಬೇಡ. ನಾಲೆ ಪಕ್ಕದಲ್ಲಿ ಸಣ್ಣ ತಪ್ಪಿಗೂ ದೊಡ್ಡ ಬೆಲೆ, ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ನಾಲ್ಕು ಚಕ್ರದ ಬಲ ಏನು ಮಾಡುತ್ತದೆ?

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡೇ ಚಕ್ರಕ್ಕೆ ಹೋಗುತ್ತದೆ. ಮಿಕ್ಕ ಎರಡು ಸುಮ್ಮನೆ ಜೊತೆಗೆ ಉರುಳುತ್ತವೆ. ಮಳೆಗಾಲದಲ್ಲಿ ಗದ್ದೆ ಬಯಲಿನ ಮಣ್ಣು ರಸ್ತೆಯಲ್ಲಿ ಇಂಥ ಕಾರು ಸಿಕ್ಕಿಕೊಂಡರೆ ಆ ಎರಡು ಚಕ್ರ ಗಿರಗಿರ ಸುತ್ತಿ ಕೆಸರು ಎರಚುತ್ತವೆಯೇ ಹೊರತು ಗಾಡಿ ಅಲ್ಲಾಡುವುದಿಲ್ಲ. ನಾಲ್ಕಕ್ಕೂ ಬಲ ಬಂದರೆ ಎಲ್ಲ ಚಕ್ರವೂ ಸ್ವಲ್ಪ ಸ್ವಲ್ಪ ನೂಕಿ ಗಾಡಿಯನ್ನು ಮೇಲೆತ್ತುತ್ತವೆ. ಕೆಸರು, ಮರಳು, ಒದ್ದೆ ಹುಲ್ಲು, ಕಡಿದಾದ ಏರು ಇಲ್ಲೆಲ್ಲ ಅದು ನಿಜಕ್ಕೂ ವರವೇ. ಮಾರಾಟದ ಹುಡುಗ ಹೇಳಿದ್ದು ಇಷ್ಟಕ್ಕೆ ಸರಿ.

ಆದರೆ ನೋಡಿ, ಹೊರಡುವುದು ಬೇರೆ, ನಿಲ್ಲುವುದು ಬೇರೆ, ತಿರುಗುವುದು ಬೇರೆ. ಬ್ರೇಕು ಎಲ್ಲ ಕಾರಿಗೂ ನಾಲ್ಕೂ ಚಕ್ರಕ್ಕೆ ಇದ್ದೇ ಇರುತ್ತದೆ. ಅದರಲ್ಲಿ ಈ ಗಾಡಿಯದೇನೂ ಹೆಚ್ಚುಗಾರಿಕೆ ಇಲ್ಲ. ಬದಲಿಗೆ ತುಸು ಹೆಚ್ಚು ಭಾರ. ಇನ್ನು ತಿರುವಿನಲ್ಲಿ ಗಾಡಿಯನ್ನು ರಸ್ತೆಯ ಮೇಲೆ ಹಿಡಿದಿಡುವುದು ಎಂಜಿನ್ ಅಲ್ಲ, ಟೈರು. ಒಂದೊಂದು ಟೈರು ನೆಲಕ್ಕೆ ತಾಗುವುದು ಹೆಚ್ಚು ಕಡಿಮೆ ನಮ್ಮ ಅಂಗೈಯಷ್ಟು ಜಾಗ. ಇಡೀ ಸಂಸಾರ ಕೂತ ಗಾಡಿ ನಾಲ್ಕು ಅಂಗೈ ಮೇಲೆ ನಿಂತಿದೆ ಅಂದುಕೊಳ್ಳಿ.

ಆ ಅಂಗೈಯ ಹಿಡಿತ ಡಬ್ಬಿಯಲ್ಲಿರುವ ಒಂದು ಸೇರು ಅಕ್ಕಿ ಇದ್ದ ಹಾಗೆ. ಅದರಲ್ಲೇ ಬ್ರೇಕು, ಅದರಲ್ಲೇ ತಿರುವು, ಅದರಲ್ಲೇ ವೇಗ ಏರಿಸುವುದು. ಮುಕ್ಕಾಲು ಸೇರು ದೋಸೆಗೆ ನೆನೆಹಾಕಿದ ಮೇಲೆ ಅನ್ನಕ್ಕೆ ಎಲ್ಲಿಂದ ಬರಬೇಕು? ಹಾಗೆಯೇ ತಿರುವಿನ ನಡುವೆ ಜೋರಾಗಿ ಬ್ರೇಕು ಒತ್ತಿದರೆ ತಿರುಗಲು ಬೇಕಾದ ಹಿಡಿತ ಬ್ರೇಕಿಗೇ ಖರ್ಚು. ನಡುವೆ ಆಕ್ಸಲರೇಟರ್ ತುಳಿದರೂ ಅದೇ ಕಥೆ. ನಾಲ್ಕು ಚಕ್ರಕ್ಕೆ ಬಲ ಹಂಚಿದರೆ ಅಕ್ಕಿ ಹೆಚ್ಚಾಗುವುದಿಲ್ಲ ಅಲ್ಲವೇ? ಬಡಿಸುವ ಕೈ ಹೆಚ್ಚಾಗುತ್ತದೆ, ಅಷ್ಟೆ.

ಇನ್ನೊಂದು ಲೆಕ್ಕವಿದೆ, ಇದನ್ನು ಮನೆಯ ಗಂಡಸರಿಗೂ ಓದಿ ಹೇಳಿ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಎಳೆಯುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಒಂದೇ ತಿರುವನ್ನು 30 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡಾಗ ಇದ್ದ ಎಳೆತ 60ರಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 40ರಿಂದ 50ಕ್ಕೆ ಏರಿಸಿದರೂ ಒಂದೂವರೆ ಪಟ್ಟಿಗಿಂತ ಹೆಚ್ಚು. 'ಹತ್ತೇ ಕಿಲೋಮೀಟರ್ ತಾನೆ' ಅನ್ನುವ ಹಾಗಿಲ್ಲ.

ಕೆಸರಿನಲ್ಲಿ ಜಾರದ ಗಾಡಿ ಧೈರ್ಯ ಕೊಡುತ್ತದೆ. ಎರಡು ಚಕ್ರದ ಗಾಡಿಯಾದರೆ ಹೊರಡುವಾಗಲೇ ಚಕ್ರ ಸುತ್ತಿ 'ನೆಲ ಜಾರುತ್ತಿದೆ' ಎಂದು ಎಚ್ಚರಿಸುತ್ತದೆ. ಇದು ಎಚ್ಚರಿಸದೆ ಹೊರಟುಬಿಡುತ್ತದೆ. ಜಾರುವ ನೆಲದ ಸಂಗತಿ ನಮಗೆ ಗೊತ್ತಾಗುವುದು ಮುಂದಿನ ತಿರುವಿನಲ್ಲಿ. ಅಪಾಯ ಇರುವುದೇ ಅಲ್ಲಿ.

ತಿರುವು ದಾಟುವ ಕ್ರಮ

ಅಡಿಗೆಗೆ ಒಂದು ಕ್ರಮವಿರುವಂತೆ ತಿರುವಿಗೂ ಒಂದು ಕ್ರಮವಿದೆ. ಯಾವ ಗಾಡಿಯಾದರೂ ಇದೇ.

ಮೊದಲನೆಯದು, ದಾರಿ ನೇರ ಇರುವಾಗಲೇ ಬ್ರೇಕು ಒತ್ತಿ ವೇಗ ಇಳಿಸಿ. ಗೇರನ್ನೂ ಆಗಲೇ ಬದಲಾಯಿಸಿ. ತಿರುವಿನೊಳಗೆ ಹೋದ ಮೇಲೆ ಈ ಕೆಲಸ ಬಾಕಿ ಇರಬಾರದು.

ಎರಡನೆಯದು, ತಿರುವಿನ ಆಚೆ ತುದಿಯನ್ನು ನೋಡಿ. ಕಣ್ಣು ಎಲ್ಲಿ ಹೋಗುತ್ತದೋ ಕೈ ಅಲ್ಲಿಗೆ ಹೋಗುತ್ತದೆ. ನಾಲೆಯನ್ನೇ ನೋಡುತ್ತಾ ಕೂತರೆ ಗಾಡಿ ನಾಲೆಯ ಕಡೆಗೇ ವಾಲುತ್ತದೆ.

ಮೂರನೆಯದು, ಸ್ಟೀರಿಂಗನ್ನು ಒಂದೇ ಸಮನೆ, ಮೆತ್ತಗೆ ತಿರುಗಿಸಿ. ಬೇಕರಿಸಿದಂತೆ ಎಳೆದಾಡಬೇಡಿ. ಕಾಲು ಆಕ್ಸಲರೇಟರ್ ಮೇಲೆ ಹಗುರವಾಗಿರಲಿ.

ನಾಲ್ಕನೆಯದು, ಮುಂದಿನ ದಾರಿ ಪೂರ್ತಿ ಕಂಡು, ಚಕ್ರ ನೇರವಾಗುತ್ತಾ ಬಂದಾಗ ನಿಧಾನವಾಗಿ ವೇಗ ಕೊಡಿ. ನಾಲ್ಕು ಚಕ್ರದ ಬಲ ಕೆಲಸಕ್ಕೆ ಬರುವುದು ಈ ಕೊನೆಯ ಹೆಜ್ಜೆಯಲ್ಲಿ, ಮೊದಲ ಮೂರರಲ್ಲಲ್ಲ.

ಸರಿಯಾಗಿ ಬಂತೋ ಇಲ್ಲವೋ ತಿಳಿಯಬೇಕೇ? ಹಬ್ಬಕ್ಕೆ ತೌರಿಗೆ ಹುಳಿಯ ಪಾತ್ರೆ ಒಯ್ಯುವಾಗ ಹೇಗೆ ಹೋಗುತ್ತೀರೋ ಹಾಗೆ ಪ್ರತಿ ತಿರುವನ್ನೂ ದಾಟಬೇಕು. ಹುಳಿ ತುಳುಕಿದರೆ ವೇಗ ಹೆಚ್ಚಾಯಿತು ಎಂದೇ ಅರ್ಥ.

ಇಲ್ಲಿ ಒಂದು ಸೂಕ್ಷ್ಮವಿದೆ. ನಾವು ಎಡಗಡೆ ಓಡಿಸುವವರು. ದಾರಿ ಬಲಕ್ಕೆ ತಿರುಗಿದಾಗ ಗಾಡಿ ಎಡಕ್ಕೆ, ಅಂದರೆ ರಸ್ತೆಯ ಅಂಚಿಗೆ ಎಳೆಯುತ್ತದೆ. ನಾಲೆ ಎಡಕ್ಕಿದ್ದರೆ ಆ ತಿರುವೇ ಅತಿ ಜೋಪಾನದ್ದು. ದಾರಿ ಎಡಕ್ಕೆ ತಿರುಗಿದಾಗ ಎಳೆತ ಬಲಕ್ಕೆ, ಎದುರು ಬರುವ ಬಸ್ಸಿನ ಕಡೆಗೆ. ದಿನಾ ಓಡಾಡುವ ದಾರಿಯಲ್ಲಿ ಯಾವ ತಿರುವು ಯಾವ ಥರದ್ದು ಎಂದು ಒಮ್ಮೆ ಲೆಕ್ಕ ಹಾಕಿಟ್ಟುಕೊಳ್ಳಿ. ಕಾಣದ ತಿರುವಿನಲ್ಲಿ ಹಾರನ್ ಮಾಡಿ, ಆದರೆ ಹಾರನ್ ಮಾಡಿದೆ ಎಂದು ಒಳತಿರುವಿಗೆ ಅಡ್ಡ ಹಾಯಬೇಡಿ.

ಎಡ ಚಕ್ರ ಡಾಂಬರಿನಿಂದ ಕೆಳಗಿಳಿದುಬಿಟ್ಟರೆ? ತಟ್ಟನೆ ಬಲಕ್ಕೆ ಎಳೆಯುವುದು ಎಲ್ಲರ ಮೊದಲ ಬುದ್ಧಿ. ಅದು ಬೇಡ. ಗಾಡಿ ಅಡ್ಡಾದಿಡ್ಡಿ ಹಾರಿ ಆಚೆಗೆ ನುಗ್ಗುತ್ತದೆ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಲರೇಟರ್ ಬಿಟ್ಟು, ದಾರಿಯ ಜೊತೆಗೇ ಹೋಗುತ್ತಾ ವೇಗ ಇಳಿಸಿ, ಆಮೇಲೆ ನಿಧಾನವಾಗಿ ಮೇಲೆ ಬನ್ನಿ.

ನಿಮ್ಮ ಗಾಡಿ ಯಾವ ಜಾತಿ?

ನಾಲ್ಕು ಚಕ್ರದ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹಳೇ ಮಹೀಂದ್ರ ಜೀಪು, 1985ರಲ್ಲಿ ಬಂದ ಮಾರುತಿ ಜಿಪ್ಸಿ, ಈಗಿನ ಥಾರ್, ಜಿಮ್ನಿ ಇವು ಒಂದು ಬಗೆ. ಇವುಗಳಲ್ಲಿ ಎರಡು ಚಕ್ರವೋ ನಾಲ್ಕೋ ಎಂದು ನಾವೇ ಆರಿಸಬೇಕು. ಗೇರಿನ ಪಕ್ಕದ ಸಣ್ಣ ಹಿಡಿಯಲ್ಲಿ 2ಎಚ್, 4ಎಚ್, 4ಎಲ್ ಎಂದು ಗುರುತು ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ಗಾಡಿ ತಾನೇ ನೋಡಿಕೊಂಡು ಬೇಕಾದಾಗ ಹಿಂದಿನ ಚಕ್ರಕ್ಕೂ ಬಲ ಕಳಿಸುತ್ತದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರಿನ ಕೆಲವು ಮಾದರಿಗಳು ಈ ಬಗೆಯವು. 'ಆಲ್ ವೀಲ್ ಡ್ರೈವ್' ಎನ್ನುವುದು ಸಾಮಾನ್ಯವಾಗಿ ಈ ಎರಡನೆಯದಕ್ಕೆ.

ಮೊದಲನೇ ಬಗೆ ಮನೆಯಲ್ಲಿದ್ದರೆ ಒಂದು ಮಾತು ಕಡ್ಡಾಯ. ಒಣಗಿದ ಡಾಂಬರು ರಸ್ತೆಯಲ್ಲಿ 2ಎಚ್‌ನಲ್ಲೇ ಓಡಿಸಿ. ಯಾಕೆ ಅಂತೀರಾ? ಅತ್ತಿಗೆ ನಾದಿನಿ ಕೈ ಕೈ ಹಿಡಿದು ತುಳಸಿಕಟ್ಟೆ ಸುತ್ತಿದರೆ ಒಳಗಿನವಳು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೊರಗಿನವಳು ಆರು ಹೆಜ್ಜೆ ಇಡಬೇಕು. ಗಾಡಿ ತಿರುಗುವಾಗಲೂ ಹಿಂದಿನ ಚಕ್ರಕ್ಕೆ ಚಿಕ್ಕ ಸುತ್ತು, ಮುಂದಿನದಕ್ಕೆ ದೊಡ್ಡ ಸುತ್ತು. 4ಎಚ್‌ಗೆ ಹಾಕಿದರೆ ಎರಡನ್ನೂ ಒಂದೇ ಹೆಜ್ಜೆಗೆ ಕಟ್ಟಿಹಾಕಿದ ಹಾಗೆ. ಕೆಸರಿನಲ್ಲಾದರೆ ಚಕ್ರ ಒಂದಿಷ್ಟು ಜಾರಿ ಹೊಂದಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗದೆ ಸ್ಟೀರಿಂಗ್ ಬಿಗಿಯುತ್ತದೆ, ಗಾಡಿ ಕುಪ್ಪಳಿಸಿದ ಹಾಗೆ ಅದುರುತ್ತದೆ, ಒಳಗಿನ ಗೇರುಗಳು ಸವೆಯುತ್ತವೆ. ತಿರುವಿನಲ್ಲಿ ಹಾಗೆ ಆದರೆ ಹಿಡಿ ಎಲ್ಲಿದೆ ಎಂದು ಮೊದಲು ನೋಡಿ. 4ಎಲ್ ಇರುವುದು ಹೂತ ಗಾಡಿ ಎತ್ತುವುದಕ್ಕೆ, ಕಡಿದಾದ ಏರಿಳಿತಕ್ಕೆ, ಅದೂ ಆಮೆಯ ನಡಿಗೆಯಲ್ಲಿ.

ಜಾರಿದರೆ ಏನು ಮಾಡಬೇಕು?

ಗಾಡಿ ಜಾರುವುದು ಎರಡು ಥರ. ಒಂದು, ಸ್ಟೀರಿಂಗ್ ತಿರುಗಿಸಿದರೂ ಮೂತಿ ಸೀದಾ ಹೋಗುವುದು. ಇನ್ನೊಂದು, ಹಿಂಭಾಗ ಬಾಲ ಬೀಸಿದಂತೆ ಹೊರಕ್ಕೆ ಹೋಗುವುದು. ನಾಲ್ಕು ಚಕ್ರದ ಕಾರುಗಳಲ್ಲಿ ಹೆಚ್ಚಾಗಿ ಆಗುವುದು ಮೊದಲನೆಯದೇ. ಆಗ ಇನ್ನಷ್ಟು ತಿರುಗಿಸಿ ಪ್ರಯೋಜನವಿಲ್ಲ. ಆಕ್ಸಲರೇಟರಿನಿಂದ ಕಾಲನ್ನು ಮೆತ್ತಗೆ ತೆಗೆಯಿರಿ, ಸ್ಟೀರಿಂಗನ್ನು ಒಂದು ಚೂರು ಸಡಿಲ ಬಿಡಿ. ವೇಗ ಇಳಿದಂತೆ ಟೈರು ಮತ್ತೆ ನೆಲ ಹಿಡಿಯುತ್ತದೆ. ಬಾಲ ಬೀಸಿದರೆ ಹೋಗಬೇಕಾದ ಕಡೆ ನೋಡಿ ಅತ್ತಲೇ ಸ್ಟೀರಿಂಗ್ ತಿರುಗಿಸಿ, ಬ್ರೇಕು ಗುದ್ದಬೇಡಿ. 'ಆಕ್ಸಲರೇಟರ್ ತುಳಿ, ನಾಕು ಚಕ್ರವೂ ಎಳೆದು ಆಚೆ ಹಾಕುತ್ತೆ' ಎಂದು ಹೇಳುವವರಿದ್ದಾರೆ. ಅದು ರ‍್ಯಾಲಿಯವರ ವಿದ್ಯೆ. ಅವರಿಗೆ ದಾರಿ ಮುಚ್ಚಿಕೊಟ್ಟಿರುತ್ತಾರೆ, ನಮ್ಮ ದಾರಿಯಲ್ಲಿ ಎದುರಿಗೆ ಹಾಲಿನ ಕ್ಯಾನಿನ ಬೈಕು ಬರುತ್ತದೆ.

ಎದುರಿಗೆ ದಿಢೀರನೆ ಮಗುವೋ ಹಸುವೋ ಬಂದರೆ ಮಾತು ಬೇರೆ. ಈಚಿನ ಕಾರುಗಳಲ್ಲಿ ಎ.ಬಿ.ಎಸ್. ಇರುತ್ತದೆ. ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಿರಿ. ಪೆಡಲು ಕಾಲಿನ ಕೆಳಗೆ ಟಪಟಪ ಬಡಿಯುತ್ತದೆ. ಹೆದರಿ ಬಿಡಬೇಡಿ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಒತ್ತಿ ಹಿಡಿದೇ ಸ್ಟೀರಿಂಗ್ ತಿರುಗಿಸಬಹುದು. ಆದರೂ 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ ಎನ್ನುವುದು ನೆನಪಿರಲಿ. ನಾವು ಕಂಡು, ಬೆಚ್ಚಿ, ಬ್ರೇಕಿಗೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತದೆ.

ಊರ ದಾರಿಯ ಗುಟ್ಟುಗಳು

ರಾಗಿ, ಹುರುಳಿ ಕೊಯ್ಲಿನ ಕಾಲದಲ್ಲಿ ನಮ್ಮವರು ರಸ್ತೆಯ ಮೇಲೇ ಒಕ್ಕಣೆ ಹಾಕುತ್ತಾರೆ. ಸೊಪ್ಪು ಮೆದೆಯ ಮೇಲೆ ಟೈರು ಹೋದರೆ ಸೋಪಿನ ಮೇಲೆ ಕಾಲಿಟ್ಟ ಹಾಗೆ. ನಾಲ್ಕು ಚಕ್ರಕ್ಕೆ ಬಲವಿದ್ದರೂ ನಾಲ್ಕೂ ಜಾರುತ್ತವೆ. ಸಾಲದ್ದಕ್ಕೆ ಒಣ ಹುಲ್ಲು ಗಾಡಿಯ ಅಡಿಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರ್ ತಾಗಿ ಬೆಂಕಿ ಹತ್ತುವುದೂ ಉಂಟು. ಸಾಧ್ಯವಾದರೆ ಬಳಸಿ ಹೋಗಿ, ಇಲ್ಲವೇ ನಡಿಗೆಯ ವೇಗದಲ್ಲಿ ದಾಟಿ, ಆಚೆ ನಿಲ್ಲಿಸಿ ಅಡಿಗೆ ಒಮ್ಮೆ ಬಗ್ಗಿ ನೋಡಿ.

ನಾಟಿಯ ಕಾಲದಲ್ಲಿ ಗದ್ದೆಯಿಂದ ಬಂದ ಟ್ರ್ಯಾಕ್ಟರು ತಿರುವಿನಲ್ಲೇ ಕೆಸರು ಉದುರಿಸಿ ಹೋಗಿರುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರೇಲರು ಕತ್ತಲಲ್ಲಿ ಕಾಣುವುದೇ ಇಲ್ಲ. ಬೇಸಿಗೆ ಮುಗಿದ ಮೊದಲ ಮಳೆಯಲ್ಲಿ ರಸ್ತೆಯ ಎಣ್ಣೆ ಜಿಡ್ಡು ಮೇಲೆದ್ದು ತುಂಬಾ ಜಾರುತ್ತದೆ. ವೈರಮುಡಿಗೆ ಮೇಲುಕೋಟೆಗೆ ಹೋದವರು ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಬೇಡಿ. ಹತ್ತುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಹೆಚ್ಚು ಕಡಿಮೆ ಅದೇ ಗೇರು ಇರಲಿ. ಆಗ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕು ಕಾಯುವುದಿಲ್ಲ. 14 ಹಿಮ್ಮುರಿ ತಿರುವಿನ ಆಗುಂಬೆಗೂ ಇದೇ ಮಾತು. ದಾರಿ ಕಿರಿದಾದಲ್ಲಿ ಏರುವ ಗಾಡಿಗೆ ಇಳಿಯುವವರು ಜಾಗ ಬಿಡಬೇಕು.

ಟೈರು ನೋಡಿಕೊಳ್ಳುವುದನ್ನು ಮಾತ್ರ ನೀವೇ ವಹಿಸಿಕೊಳ್ಳಿ, ಗೃಹಿಣಿಯ ಕಣ್ಣು ಅದಕ್ಕೆ ಬೇಕು. ಹದಿನೈದು ದಿನಕ್ಕೊಮ್ಮೆ, ಗಾಡಿ ಓಡುವ ಮೊದಲು, ಗಾಳಿ ನೋಡಿಸಿ. ಎಷ್ಟಿರಬೇಕೆಂದು ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಿರುತ್ತದೆ. ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಅದರ ಆಯುಸ್ಸು ಮುಗಿಯಿತು. ಗೀರಿನ ನಡುವಿನ ಸಣ್ಣ ದಿಬ್ಬ ಮೇಲ್ಮೈಗೆ ಸಮ ಬಂದರೆ ಅದೇ ಗುರುತು. ನಾಲ್ಕು ಚಕ್ರದ ಗಾಡಿಯಲ್ಲಿ ಒಂದು ಹೊಸದು ಮೂರು ಹಳೆಯದು ಎಂದು ಬೆರೆಸಬಾರದು, ಸುತ್ತಳತೆ ವ್ಯತ್ಯಾಸವಾಗಿ ಒಳಗಿನ ಯಂತ್ರ ಕೆಡುತ್ತದೆ. ಕೆಟ್ಟು ನಿಂತರೆ ಎರಡೇ ಚಕ್ರ ಎತ್ತಿ ಎಳೆಸಬೇಡಿ, ಪೂರ್ತಿ ಮೇಲೇರಿಸಿಕೊಳ್ಳುವ ಗಾಡಿಯನ್ನೇ ಕರೆಸಿ.

ಹೆಂಗಸಿಗೆ ಇದೆಲ್ಲ ಯಾಕೆ ಅನ್ನುವವರಿಗೆ

ಆಡಿ ಕಂಪನಿ 1980ರಲ್ಲಿ 'ಕ್ವಾಟ್ರೊ' ಎಂಬ ನಾಲ್ಕು ಚಕ್ರದ ಕಾರು ತಂದಾಗ ರ‍್ಯಾಲಿಯ ಜಗತ್ತೇ ಬದಲಾಯಿತು. ಅದರ ಸ್ಟೀರಿಂಗ್ ಹಿಡಿದವರಲ್ಲಿ ಒಬ್ಬಳು ಫ್ರಾನ್ಸಿನ ಮಿಶೆಲ್ ಮೂಟಾನ್. ಪಕ್ಕದಲ್ಲಿ ದಾರಿ ಹೇಳಲು ಇಟಲಿಯ ಫಾಬ್ರಿಟ್ಸಿಯಾ ಪೋನ್ಸ್, ಆಕೆಯೂ ಹೆಂಗಸೇ. 1981ರಲ್ಲಿ ಇಟಲಿಯ ಸ್ಯಾನ್ ರೆಮೊ ರ‍್ಯಾಲಿ ಗೆದ್ದು, ವಿಶ್ವ ಚಾಂಪಿಯನ್‌ಷಿಪ್ಪಿನ ರ‍್ಯಾಲಿ ಗೆದ್ದ ಮೊದಲ ಮಹಿಳೆ ಎನಿಸಿಕೊಂಡಳು. 1982ರಲ್ಲಿ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರೂ ಕಡೆ ಗೆದ್ದು ಇಡೀ ವರ್ಷದ ಪಟ್ಟಿಯಲ್ಲಿ ಎರಡನೆಯವಳಾದಳು. ಆ ಕಾರು ಮೂತಿ ಭಾರದ್ದು. ಬಲ ಎಷ್ಟಿದ್ದರೂ ತಿರುವಿನಲ್ಲಿ ಸೀದಾ ಹೋಗುವ ಹಟ ಅದಕ್ಕೂ ಇತ್ತು. ತಿರುಗಿಸಿದ್ದು ಓಡಿಸುವವರ ಕೈಚಳಕವೇ ಹೊರತು ನಾಲ್ಕು ಚಕ್ರವಲ್ಲ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ರ‍್ಯಾಲಿ ಓಡಿಸುವವರೂ ಇದನ್ನೇ ಹೇಳುತ್ತಾರೆ.

ನಾವು ರ‍್ಯಾಲಿಗೆ ಹೋಗಬೇಕಿಲ್ಲ. ಕೊಯ್ಲಾದ ಬಯಲೋ, ಯಾರೂ ಇಲ್ಲದ ಮೈದಾನವೋ ನೋಡಿಕೊಂಡು, ಮಾಲೀಕರನ್ನು ಕೇಳಿ, 20ರ ವೇಗದಲ್ಲಿ ತಿರುಗಿಸುವುದನ್ನೂ ನಿಲ್ಲಿಸುವುದನ್ನೂ ಹತ್ತು ಸಲ ಮಾಡಿ ನೋಡಿ. ಕೈಗೆ ಗಾಡಿಯ ಮನಸ್ಸು ತಿಳಿಯುತ್ತದೆ.

ಮಕ್ಕಳನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಬೇಡಿ. ಹಿಂದೆ ಕೂತವರೂ ಬೆಲ್ಟು ಹಾಕಲೇಬೇಕು, ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೂ ಬೆಲ್ಟೋ ಮಕ್ಕಳ ಸೀಟೋ ಇರಲೇಬೇಕು ಎಂದು ಕಾನೂನಿದೆ. ಹಾಗೂ ದೇವರು ಕಾಪಾಡಲಿ, ಗಾಡಿ ನೀರಿಗೆ ಬಿದ್ದೇಬಿಟ್ಟರೆ ಬಾಗಿಲು ತೆರೆಯಲು ಹೆಣಗಬೇಡಿ, ಹೊರಗಿನ ನೀರು ಬಿಡುವುದಿಲ್ಲ. ಗಾಡಿ ತೇಲುವ ಮೊದಲ ಒಂದು ನಿಮಿಷದೊಳಗೆ ಬೆಲ್ಟು ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ದಾಟಿಸಿ, ಹಿಂದೆಯೇ ನೀವು ಬನ್ನಿ. ಫೋನು ಹುಡುಕುತ್ತಾ ಕೂರಬೇಡಿ. ಈ ನಾಲ್ಕು ಮಾತನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಇನ್ನು ಮನೆಯವರ ವಿಚಾರ. ತಿರುವಿನ ನಡುವೆ 'ಅಯ್ಯೋ' ಎಂದು ಕೂಗಿದರೆ ಅವರ ಕೈ ತಪ್ಪುತ್ತದೆ, ಸಿಟ್ಟೂ ಬರುತ್ತದೆ. ರಾತ್ರಿ ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಈ ಪುಟ ಅವರ ಮುಂದಿಡಿ. 'ಗಾಡಿ ಒಳ್ಳೇದೇ, ನಿಮ್ಮ ಕೈಯೂ ಒಳ್ಳೇದೇ. ಆದರೆ ನಾಕು ಚಕ್ರ ಹೊರಡೋದಕ್ಕೆ, ತಿರುಗೋದಕ್ಕಲ್ಲವಂತೆ' ಎಂದು ಹೇಳಿ. 30ಕ್ಕೆ ಒಂದಾದರೆ 60ಕ್ಕೆ ನಾಲ್ಕು ಎಂಬ ಲೆಕ್ಕ ಕೇಳಿಸಿ. ಲೆಕ್ಕಕ್ಕೆ ಗಂಡಸರು ಬೆಲೆ ಕೊಡುತ್ತಾರೆ. ಕೊಡದಿದ್ದರೆ ನಾಲೆ ಏರಿ ಬಂದಾಗ 'ಕೀ ಇಲ್ಲಿ ಕೊಡಿ, ನಾನು ಓಡಿಸ್ತೀನಿ' ಎಂದು ಕೇಳಿ. ಲೈಸೆನ್ಸ್ ನಿಮ್ಮ ಹತ್ತಿರವೂ ಇದೆಯಲ್ಲ!